ಸಾಹೇಬರ ಕೋಣೆಯ ಚಿಲಕ

"ಯಾವಳೇ ಒಳಗೆ? ಬಾರೇ ಈಚೆ. ನಿಮ್ಮಪ್ಪ ಕಟ್ಸಿದ್ದಾ ಇದು?"

ನಾಲ್ಕನೇ ಮಹಡಿಯ ಹೆಂಗಸರ ಶೌಚಾಲಯದ ಬಾಗಿಲನ್ನು ಸೂಪರ್‌ವೈಸರ್ ಬಡಿಯುತ್ತಿದ್ದ. ಒಳಗಿದ್ದವಳು ಏಳು ತಿಂಗಳ ಬಸುರಿ. ದಿನಕ್ಕೆ ಮೂರು ಸಲ ಅದನ್ನು ತೊಳೆಯುವವಳೂ ಅವಳೇ. ತೊಳೆಯಬಹುದಿತ್ತು, ಕೂರುವಂತಿರಲಿಲ್ಲ. ಗುಡಿಸುವವರಿಗೆಂದು ನೆಲಮಾಳಿಗೆಯಲ್ಲಿ, ಜನರೇಟರಿನ ಹಿಂದೆ ಒಂದಿತ್ತು. ಅದಕ್ಕೆ ಚಿಲಕವಿರಲಿಲ್ಲ. ಲಿಫ್ಟಿನಲ್ಲಿ ಇಳಿಯುವಂತೆಯೂ ಇರಲಿಲ್ಲ.

ಹೊರಬಂದವಳ ಕೈಗೆ ಅವನು ಬ್ರಷ್ ತುರುಕಿದ.

"ಇನ್ನೊಂದ್ಸಲ ತೊಳಿ. ಫಿನಾಯಿಲ್ ಜಾಸ್ತಿ ಸುರಿ. ಮೇಡಂನೋರು ಕೂರೋ ಕಡೆ ಬಂದು ಕುಂಡಿ ಊರ್ತಾಳೆ, ಮುಂಡೆ."

"ತಡ್ಕೊಳೋಕಾಗ್ಲಿಲ್ಲ ಸಾರ್."

ಒಳಗೆ ಹೋಗಬೇಕಿದ್ದ ಇಬ್ಬರು ಮೇಡಂಗಳು ಮೂಗಿಗೆ ಕರ್ಚೀಫು ಹಿಡಿದು ಕಾಯುತ್ತಿದ್ದರು. ಬಸುರಿ ಮಂಡಿಯೂರಿ ತಿಕ್ಕಿದಳು. ಮೆಟ್ಟಿಲು ಒರೆಸುತ್ತಿದ್ದ ಅವಳ ಅತ್ತೆಗೆ ಎಲ್ಲವೂ ಕೇಳಿಸಿತು. ಅವಳು ಒರೆಸುವ ಬಟ್ಟೆ ಹಿಂಡಿದಳು. ಹನಿ ನೀರು ಉಳಿಯದಿದ್ದರೂ ಹಿಂಡುತ್ತಲೇ ಇದ್ದಳು.

ಮಧ್ಯಾಹ್ನ ಮೂರಕ್ಕೆ ಐದನೇ ಮಹಡಿಯ ಸಭಾಂಗಣದಲ್ಲಿ 'ನಾವೆಲ್ಲರೂ ಒಂದೇ' ಕಾರ್ಯಕ್ರಮ. ಗುಡಿಸುವ ಐವರು ಹೆಂಗಸರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ದೊಡ್ಡ ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಇಲ್ಲಿ ಮೇಲು ಕೀಳೆಂಬುದಿಲ್ಲ, ಇದೊಂದು ಕುಟುಂಬ ಎಂದರು. ಬಸುರಿ ಎರಡೂ ತೊಡೆ ಬಿಗಿಹಿಡಿದು, ಬೆವರುತ್ತ, ಅತ್ತೆಯ ಮೊಣಕೈ ಹಿಡಿದಳು.

"ನಮ್ಮ ಹಿರಿಯಮ್ಮ ಎರಡು ಮಾತಾಡಲಿ," ಎಂದು ಸಾಹೇಬರು ನಗುತ್ತ ಮೈಕನ್ನು ಅತ್ತೆಯ ಮುಂದೆ ಹಿಡಿದರು.

ಅತ್ತೆ ಮೈಕು ಕೈಗೆ ತೆಗೆದುಕೊಂಡು ಎದ್ದಳು. "ನನ್ ಸೊಸೆ ಬೆಳಗ್ಗೆ ನಾಲ್ಕನೇ ಮಹಡೀಲಿ ಉಚ್ಚೆಗೆ ಕೂತ್ಲು ಅಂತ, ಅವಳ ಕೈಲಿ ಎರಡೆರಡು ಸಲ ತೊಳೆಸಿದ್ರು ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ, ಅರ್ಧಕ್ಕೇ ನಿಲ್ಲಿಸಿದರು.

"ಅದನ್ನ ಆಮೇಲೆ ಮಾತಾಡೋಣಮ್ಮ," ಎಂದರು ಸಾಹೇಬರು.

"ಆಮೇಲೆ ಅಂದ್ರೆ ಹೆಂಗೆ ಸಾರ್? ಅವಳಿಗೆ ಈಗ ಬಂದದೆ."

ಮೈಕನ್ನು ಕುರ್ಚಿಯ ಮೇಲಿಟ್ಟು ಸೊಸೆಯನ್ನು ಎಬ್ಬಿಸಿದಳು. ಸಭಾಂಗಣದ ಪಕ್ಕದಲ್ಲೇ ಸಾಹೇಬರ ಕೋಣೆ. ಅದರ ಮೂಲೆಯ ಶೌಚಾಲಯವನ್ನು ಆರು ವರ್ಷದಿಂದ ದಿನಾ ಬೆಳಗ್ಗೆ ತೊಳೆಯುತ್ತಿದ್ದವಳು ಅತ್ತೆಯೇ. ಆದರೂ ಅಲ್ಲಿಯ ಮೆತ್ತನೆಯ ನೆಲಹಾಸಿನ ಮೇಲೆ ಅವಳು ಚಪ್ಪಲಿ ಮೆಟ್ಟಿ ನಡೆದದ್ದು ಇದೇ ಮೊದಲು. ಸೊಸೆಯನ್ನು ಒಳಗೆ ಕಳಿಸಿದಳು.

"ಚಿಲಕ ಹಾಕ್ಕೊ."

ಚಿಲಕ ಬಿದ್ದ ಸದ್ದಾಯಿತು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಸೂಪರ್‌ವೈಸರ್ ಓಡಿ ಬಂದ.

"ತಲೆ ಕೆಟ್ಟಿದೆಯೇನೇ? ಆಚೆ ಕರಿ ಅವಳನ್ನ. ನಾಳೆಯಿಂದ ನಿಮ್ಮಿಬ್ಬರಿಗೂ ಕೆಲಸ ಇಲ್ಲ."

"ಬಾಗಿಲು ಮುಟ್ಟಿ ನೋಡೋ, ಬೋಳಿಮಗನೆ."

ಬಾಗಿಲಿಗೆ ಚಾಚಿದ್ದ ಅವನ ಕೈ ಅಲ್ಲೇ ನಿಂತಿತು. ಸಾಹೇಬರು ತಮ್ಮ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದರು. ಅವರನ್ನು ಬಳಸಿಕೊಂಡು ಗುಡಿಸುವ ಉಳಿದ ಮೂವರೂ ಒಳಗೆ ಬಂದರು. ತಮ್ಮ ಸರದಿಗೆ ಕಾಯುವವರಂತೆ ಅತ್ತೆಯ ಪಕ್ಕ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತರು.

"ಅತ್ತೆ, ಆಯ್ತು," ಒಳಗಿಂದ ಸಣ್ಣ ದನಿ ಬಂತು.

"ಅವಸರ ಮಾಡ್ಬೇಡ ಮಗಾ," ಎಂದಳು ಅತ್ತೆ, ಸೂಪರ್‌ವೈಸರನ ಮುಖ ನೋಡುತ್ತಲೇ. "ನಿಧಾನಕ್ಕೆ ಕೂತ್ಕೊ."