ಇಸ್ತ್ರಿ ಮಾಡಿದ ಬ್ಯಾಂಡೇಜು

ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಿಂದ ಆಕೆ ಕೆಳಗಿಳಿದು ಬಹಳ ದಿನಗಳಾಗಿದ್ದವು. ಮೈ ಮೊದಲಿನಿಂದಲೂ ಭಾರವೇ, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಬಲಗಾಲು ಬಾತು ಬಾತು ಕಂಬದಂತಾಗಿ, ಚರ್ಮ ಒರಟಾಗಿ, ಬಿರುಕಿನಿಂದ ತಿಳಿನೀರು ಜಿನುಗತೊಡಗಿದ ಮೇಲೆ ಮೆಟ್ಟಿಲೆಂದರೆ ಬೆಟ್ಟವಾಯಿತು. ಗಂಡ ಇಸ್ತ್ರಿ ಮಾಡಿದ್ದನ್ನು ಮಡಿಸಿ, ಕಟ್ಟಿ, ಗಿರಾಕಿಗಳ ಕೈಗೆ ಕೊಡುತ್ತಿದ್ದವಳು ಆಕೆ. ಅರ್ಧ ಜನ ಬರುತ್ತಿದ್ದದ್ದೇ ಅವಳ ಹರಟೆಗೆ. ಈಗ ಅವರ ದನಿ ಮಾತ್ರ ಕಿಟಕಿಯಿಂದ ಮೇಲೆ ಬರುತ್ತಿತ್ತು.

ವಾರಕ್ಕೊಮ್ಮೆ ಬರುವ ನರ್ಸಮ್ಮ ಆಸೆ ಹುಟ್ಟಿಸಿದ್ದಳು. "ನೋಡಕ್ಕ, ಈ ಬಿರುಕು ಮಾಗಿ, ಚರ್ಮ ಮತ್ತೆಲ್ಲೂ ಒಡೀದೆ ಇದ್ರೆ ಮುಂದಿನ ತಿಂಗಳು ಅಳತೆ ತಗೊಂಡು ಟೈಟ್ ಸಾಕ್ಸ್ ಮಾಡಿಸೋಣ. ಆಮೇಲೆ ಆರಾಮಾಗಿ ಅಂಗಡೀಲಿ ಕೂತ್ಕೊಳ್ಳಿ."

"ಒಡೆದ್ರೆ?"

"ಒಡೆದ ಜಾಗದಿಂದ ನಂಜು ಏರತ್ತೆ. ಆಸ್ಪತ್ರೆನೇ ಗತಿ."

ದಿನವೂ ಉಗುರುಬೆಚ್ಚನೆ ನೀರಲ್ಲಿ ತೊಳೆಯಬೇಕು, ಬೆರಳ ಸಂದಿ, ಹೊಟ್ಟೆಯ ಮಡಿಕೆಯ ಅಡಿ ಯಾವುದನ್ನೂ ಬಿಡಬಾರದು, ಉಜ್ಜದೆ ಒತ್ತಿ ಒರೆಸಬೇಕು, ಮುಲಾಮು ಹಚ್ಚಿ, ಎಳೆದರೆ ಹಿಗ್ಗುವ ಬ್ಯಾಂಡೇಜನ್ನು ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಬೇಕು. ಕೊನೆಗೆ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದ ಗಂಡನತ್ತ ತಿರುಗಿ, "ಅಣ್ಣ, ಬ್ಯಾಂಡೇಜು ದಿನಾ ಒಗೀರಿ. ಚೂರೂ ಒದ್ದೆ ಇರ್ಬಾರ್ದು" ಎಂದಳು.

"ಅದನ್ನ ನಂಗೆ ಬಿಡಿ ಸಿಸ್ಟರ್. ಬೀದಿ ಬಟ್ಟೆಯೆಲ್ಲ ನಮ್ಮನೇಲೇ ತಾನೇ ಒಣಗೋದು."

ತೊಳೆಯುವ ಕೆಲಸವನ್ನು ಮಾತ್ರ ಆಕೆ ಅವನಿಗೆ ಬಿಡಲಿಲ್ಲ. ಬಚ್ಚಲ ಚಿಲಕ ಹಾಕಿಕೊಂಡು, ಕೋಲಿಗೆ ಬಟ್ಟೆ ಕಟ್ಟಿ, ಕೈ ಎಟುಕದ ಕಡೆಗೆ ಅದನ್ನೇ ತೂರಿಸುತ್ತಿದ್ದಳು. ಮಡಿಕೆಯ ಅಡಿ ಕೆಂಪಾಗಿ ಹಸಿಯಾಗಿದ್ದ ಜಾಗದ ವಾಸನೆ ಅವನ ಮೂಗಿಗೆ ಬಡಿದೀತೆಂದು, "ನಿಮ್ಮ ಗೊರಕೆಗೆ ನಿದ್ದೆನೇ ಇಲ್ಲ" ಎಂಬ ನೆಪ ಹೇಳಿ ಅವನ ಹಾಸಿಗೆಯನ್ನು ಎಂದೋ ಅಂಗಡಿಗೆ ಇಳಿಸಿದ್ದಳು. ಗೊರಕೆ ಹೊಡೆಯುತ್ತಿದ್ದವಳು ಅವಳೇ. ಆದರೂ ಆತ ದಿಂಬು ಕಂಕುಳಲ್ಲಿಟ್ಟುಕೊಂಡು ಇಳಿದಿದ್ದ.

ಈಗ ಬೆಳಿಗ್ಗೆ ಬೆಳಿಗ್ಗೆ ಮೇಲೆ ಹತ್ತಿ ಬರತೊಡಗಿದ. ಕೈಯಲ್ಲಿ ಬ್ಯಾಂಡೇಜಿನ ಸುರುಳಿ, ಹೊಸ ಅಂಗಿಯಷ್ಟು ಗರಿಗರಿ.

"ತಗೊಳ್ಳೇ ಮಹಾರಾಣಿ, ನಿನ್ನ ಪೀತಾಂಬರ."

"ಅಯ್ಯೋ, ಸುಡ್ತಿದೆ!"

"ಇಸ್ತ್ರಿ ಪೆಟ್ಟಿಗೆ ಕೆಳಗಿಂದ ಬಂದಿದ್ದು ಕಣೆ. ಇದರಲ್ಲಿ ಒದ್ದೆ ಹುಡುಕು ನೋಡೋಣ."

ಆಮೇಲೆ ಮಂಚದ ಅಂಚಿಗೆ ಕೂತು, ಯಾವ ಗಿರಾಕಿ ಯಾರನ್ನು ಬೈದ, ಯಾರ ಕೋಟಿನ ಜೇಬಲ್ಲಿ ಏನು ಸಿಕ್ಕಿತು ಎಂದೆಲ್ಲ ಹೇಳುತ್ತಿದ್ದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೆಲವೇ ದಿನಗಳಲ್ಲಿ ಬ್ಯಾಂಡೇಜು ಕಾಲನ್ನು ಹಿಡಿಯುವುದನ್ನು ಬಿಟ್ಟಿತು. ಬೆಳಿಗ್ಗೆ ಸುತ್ತಿದ್ದು ಮಧ್ಯಾಹ್ನಕ್ಕೆ ಜಾರಿ ಕಣಕಾಲಲ್ಲಿ ಮುದ್ದೆಯಾಗುತ್ತಿತ್ತು. ಬಟ್ಟೆಯಲ್ಲೇ ಬದುಕಿದವಳು, ಬೆರಳಿಗೆ ತಾಗಿದೊಡನೆ ಗೊತ್ತಾಯಿತು: ಶಾಖಕ್ಕೆ ಇದರ ಜೀವ ಹೋಗಿದೆ. ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆಯೂ ಹಾಗೆಯೇ ಕಳೆಯಿತು. ಕಾಲು ಮತ್ತೆ ಬಾತಿತು. ಮಂಡಿಯ ಹಿಂದೆ ಚರ್ಮ ಸೀಳಿದ್ದನ್ನು ಮುಲಾಮು ಮೆತ್ತಿ ಮುಚ್ಚಿಟ್ಟಳು.

ನರ್ಸಮ್ಮ ಬರುವಷ್ಟರಲ್ಲಿ ಕಾಲು ಕೆಂಡದಂತೆ ಕೆಂಪಾಗಿ, ಆಕೆ ಹಲ್ಲು ಕಟಕಟಿಸುವ ಚಳಿಯಲ್ಲಿ ನಡುಗುತ್ತಿದ್ದಳು. ನರ್ಸಮ್ಮ ಬ್ಯಾಂಡೇಜಿನ ತುದಿ ಹಿಡಿದು ಎಳೆದಳು. ಎಳೆದಷ್ಟೂ ಬಂತು, ತಿರುಗಿ ಹೋಗಲಿಲ್ಲ.

"ಇದಕ್ಕೇನು ಮಾಡಿದ್ರಿ?"

"ದಿನಾ ಇಸ್ತ್ರಿ ಮಾಡ್ತಿದ್ದೆ ಸಿಸ್ಟರ್" ಎಂದ ಆತ. ಆ ಕ್ಷಣಕ್ಕೂ ದನಿಯಲ್ಲಿ ಹೆಮ್ಮೆಯಿತ್ತು.

"ಅಯ್ಯೋ ಅಣ್ಣ, ಬಿಸಿ ತಾಗಿದ್ರೆ ಎಲಾಸ್ಟಿಕ್ ಸತ್ತೋಗತ್ತೆ."

"ಇಲ್ಲ, ನಾನೇ ಸರಿಯಾಗಿ ಸುತ್ತಿರ್ಲಿಲ್ಲ" ಎಂದು ಆಕೆ ಹೊದಿಕೆಯೊಳಗಿಂದ ಗೊಣಗಿದಳು.

ಆತ ಹೆಂಡತಿಯನ್ನೇ ನೋಡಿದ. "ನಿಂಗೆ ಗೊತ್ತಾಗ್ಲಿಲ್ವೇನೆ?"

"ಗೊತ್ತಾಯ್ತು."

"ಮತ್ತೆ ಬಾಯಿಗೇನಾಗಿತ್ತು?"

"ಅದನ್ನ ಕೊಡೋಕೆ ಅಂತ ದಿನಾ ನೀವು ಮೇಲೆ ಬರ್ತಿದ್ರಲ್ಲ."

ಆಸ್ಪತ್ರೆಯಲ್ಲಿ ಜ್ವರ ಇಳಿಯುವುದು, ಏರುವುದು ನಡೆದೇ ಇತ್ತು. ನಂಜು ರಕ್ತಕ್ಕೆ ಸೇರಿದೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಮೈ ಒರೆಸಲು ಬಂದ ಆಯಾಳನ್ನು ತಡೆದು ಆಕೆ, "ಅವರೇ ಒರೆಸ್ಲಿ" ಎಂದಳು.

ಆತ ಪರದೆ ಎಳೆದ. ಹೊಟ್ಟೆಯ ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿದ. ಅಡಿಯಲ್ಲಿ ಚರ್ಮ ಸುಲಿದ ಹಣ್ಣಿನಂತಿತ್ತು. ಆಕೆ ಅವನ ಮೂಗನ್ನೇ, ಹುಬ್ಬನ್ನೇ ನೋಡುತ್ತಿದ್ದಳು. ಎರಡೂ ಅಲುಗಲಿಲ್ಲ. ಅವನ ಕಣ್ಣಲ್ಲಿ ಮಾತ್ರ ನೀರು ತುಂಬಿತು.

"ಉಜ್ಜಬೇಡಿ. ಒತ್ತಿ ಒರೆಸ್ಬೇಕು."

"ಹೀಗಾ?"

"ಹೂಂ."

"ಉರೀತಿದೆಯೇನೆ?"

"ಉರಿಯತ್ತೆ. ನಿಲ್ಲಿಸ್ಬೇಡಿ."