ತಾರ್ಲೆ ಎಣ್ಣೆ ಹಚ್ಚಿದ ಸಂಕ

ಅವತ್ತಿನ ಗುಂಪು ಖುಷಿಯಾಗಿ ಹಿಂತಿರುಗಿದರೆ ಸುಶ್ಮಿತಾಗೆ ಗೈಡ್ ಕೆಲಸ ಕಾಯಂ. ಹಾಗೆಂದು ಅನೂಪ ಹೇಳಿದ್ದ. ಬಾಡ ಎಂಬ ಊರಿನ ಹಿಂದಿನ ಹಿನ್ನೀರಿನ ಅಂಚಿಗೆ ನಡಿಗೆಯ ಹಾದಿ ಮಾಡಿಸಿ, ಊರೂರಿಂದ ಜನರನ್ನು ಕರೆತರುತ್ತಿದ್ದವನು ಅವನೇ. ಹಾದಿಯ ಕೊನೆಯಲ್ಲಿ ಹಳ್ಳದ ಮೇಲೆ ಮಾಡಿನ ಸಂಕ: ಮರದ ಸೇತುವೆ, ಎರಡೂ ಬದಿಗೆ ಹಲಗೆ, ಮೇಲೆ ಹಂಚಿನ ಮಾಡು. ಅಜ್ಜನ ಅಜ್ಜನ ಕಾಲದ್ದು. ಬಂದವರಿಗೆ ತೋರಿಸಲು ಇದ್ದದ್ದು ಅದೊಂದೇ.

ಹಿಂದಿನ ದಿನ ಸುಶ್ಮಿತಾ ತನ್ನ ಅಪ್ಪ ದಾಸನಿಗೆ ಹೇಳಿದ್ದಳು, "ಸಂಕ ಸ್ವಲ್ಪ ಚಂದ ಮಾಡಿಡು ಅಪ್ಪ. ಹುಬ್ಬಳ್ಳಿಯಿಂದ ಡಾಕ್ಟರ್‌ಗಳು ಬತ್ರು."

ಬಲೆ ಸರಿಮಾಡುತ್ತಿದ್ದ ದಾಸ ತಲೆ ಎತ್ತದೆ "ಆತು" ಅಂದಿದ್ದ.

ಬೆಳಿಗ್ಗೆ ನಡೆಯುತ್ತ ಅವಳು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. "ಈ ಸಂಕ ಇನ್ನೂ ಯಾಕೆ ಕೊಳೆತಿಲ್ಲ ಅಂದ್ರೆ, ಮೀನುಗಾರರು ದೋಣಿಗೆ ಹಚ್ಚುವ ತಾರ್ಲೆ ಮೀನಿನ ಎಣ್ಣೆಯನ್ನೇ ಇದಕ್ಕೂ ಹಚ್ಚುತ್ತಿದ್ದರು."

"ಎಷ್ಟ್ ಚಲೋ ನೋಡ್ರಿ," ಡಾಕ್ಟರೊಬ್ಬರ ಹೆಂಡತಿ ಗಂಡನಿಗೆ ಹೇಳಿದಳು. "ಕೆಮಿಕಲ್ ಇಲ್ಲ, ಏನಿಲ್ಲ."

ಹಿಂದಿನಿಂದ ಅನೂಪ ಸುಶ್ಮಿತಾಳತ್ತ ನೋಡಿ ಮೆಚ್ಚಿ ತಲೆಯಾಡಿಸಿದ.

ತಿರುವು ದಾಟಿದ್ದೇ ವಾಸನೆ ಬಡಿಯಿತು. ಸಂಕ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಕಂಬಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ನೊಣ ಮುತ್ತಿದ್ದವು. ಸಂಕದ ಈಚೆ ತುದಿಯಲ್ಲೇ ದಾಸ ಒಗೆದ ಅಂಗಿ ತೊಟ್ಟು, ಎಣ್ಣೆಯ ಡಬ್ಬಿ ಕಾಲಬುಡದಲ್ಲಿಟ್ಟು ನಿಂತಿದ್ದ.

"ಬನ್ನಿ, ಬನ್ನಿ. ಬದಿಗೆ ಕೈ ಹಚ್ಬೇಡಿ, ಹಸಿ ಇದೆ."

"ಯವ್ವಾ, ಇದರಾಗ ಯಾರರ ಸತ್ತಾರೇನ್ರಿ?" ಆ ಹೆಂಗಸು ಸೆರಗಿನಿಂದ ಮೂಗು ಮುಚ್ಚಿದಳು.

"ಮೀನ ಸತ್ತಾವ. ಈಗ ಚಲೋ ಅಂದೆಲ್ಲ, ಹೋಗು ಒಳಗ," ಅಂದ ಗಂಡ. ಎಲ್ಲರೂ ನಕ್ಕರು. ಒಳಗೆ ಯಾರೂ ಕಾಲಿಡಲಿಲ್ಲ. ದೂರದಿಂದಲೇ ಫೋಟೋ ತೆಗೆದು ವ್ಯಾನಿನ ಕಡೆ ಹೊರಟರು.

ಅನೂಪ ದಾಸನ ಮುಂದೆ ಹೋಗಿ ನಿಂತ. "ಯಾರು ಬಳಿದದ್ದು ಇದನ್ನ?"

"ನಾನೇ ಸಾರ್. ನೆಂಟರು ಬತ್ರಲ್ಲ, ಹಂಗಾಗಿ."

"ನಿಮ್ಗೆ ಯಾರು ಹೇಳಿದ್ರು?"

ದಾಸ ಮಗಳನ್ನು ನೋಡಿದ. ಅವಳು ಕುತ್ತಿಗೆಯ ಗುರುತಿನ ಚೀಟಿ ನೇವರಿಸುತ್ತಿದ್ದಳು.

"ಯಾರೂ ಇಲ್ಲ."

"ಸುಶ್ಮಿತಾ, ಇವರು ನಿಮ್ಗೆ ಗೊತ್ತಾ?"

"ಅವ್ರಿಗೆ ಎಂತ ಗುತ್ತು ಸಾರ್," ದಾಸ ನಡುವೆ ಬಾಯಿ ಹಾಕಿದ. "ಅವ್ರು ಗೈಡು. ನಾ ಇಲ್ಲೇ ದೋಣಿ ನಡೆಸ್ಕಂಡ್ ಇದ್ದವ."

ಮಗಳನ್ನು ಅವನು 'ಅವ್ರು' ಅಂದದ್ದು ಅದೇ ಮೊದಲು. ಇವನು ನನ್ನ ಅಪ್ಪ, ನಾನೇ ಹೇಳಿದ್ದೆ ಎನ್ನಲು ಅವಳಿಗೆ ಸಮಯವಿತ್ತು. ಅವಳು ಅನ್ನಲಿಲ್ಲ.

"ನಾಳೆ ಇನ್ನೊಂದು ಗುಂಪಿದೆ," ಅನೂಪ ಅವಳಿಗೆ ಹೇಳಿದ. "ಸೋಪಿನ ಪುಡಿ ಹಾಕಿ ಇವರ ಕೈಲೇ ತಿಕ್ಕಿಸಿ. ವಾಸನೆ ಹೋಗುವವರೆಗೆ ನೀವು ನಿಂತು ನೋಡ್ಬೇಕು. ಇದ್ರಲ್ಲಿ ನಿಮ್ಮ ತಪ್ಪೇನಿಲ್ಲ. ನಾಳೆಯಿಂದ ಕಾಯಂ ಅಂತ್ಲೇ ಬನ್ನಿ."

ವ್ಯಾನು ಹೋಯಿತು. ಸುಶ್ಮಿತಾ ಅಂಗಡಿಯಿಂದ ಪುಡಿ, ಬ್ರಶ್ ತಂದಳು.

"ಕೊಡು, ನಾನೂ ತಿಕ್ತೆ."

"ಬೇಡ. ಬಟ್ಟೆ ನಾತ ಆತದೆ."

ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿ ದಾಸ ಮೊಣಕಾಲೂರಿ ತಿಕ್ಕತೊಡಗಿದ. ನೊರೆ ಹಳದಿಯಾಗಿ ಹಳ್ಳಕ್ಕೆ ಇಳಿಯಿತು. ಎಣ್ಣೆ ಮರದೊಳಗೆ ಇಳಿದಾಗಿತ್ತು. ಮಧ್ಯಾಹ್ನ ದಾಟಿತು. ಅವಳು ನೆರಳಿಗೆ ಹೋಗಿ ನಿಂತಳು. ಒಂದು ಕಂಬ ಮುಗಿಸಿ ಅವನು ಕುಳಿತಲ್ಲೇ ತಿರುಗಿದ. ಸುತ್ತ ಬೇರೆ ಯಾರೂ ಇರಲಿಲ್ಲ.

"ಇಷ್ಟು ಸಾಕಾ ಮೇಡಂ?"

ಅವಳು ಹತ್ತಿರ ಬಂದು, ಬಗ್ಗಿ, ಕಂಬವನ್ನು ಮೂಸಿದಳು.

"ಇನ್ನೂ ಇದೆ," ಅಂದಳು.