ಹಾಸಿಗೆ ಸಾಗಿಸುವ ಗಾಡಿಗೆ ಹೊಸ ಹಲ್ಲು

ತಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅಣ್ಣ ಇನ್ನೂ ಪ್ರಾರ್ಥನೆಯಿಂದ ಎದ್ದಿರಲಿಲ್ಲ. ಟೈರಿನಂಗಡಿಯವನು ಬಂದು ಬಾಗಿಲಲ್ಲಿ ನಿಂತ. ದಿನವೂ ಬೀದಿಯಿಂದಲೇ ಕೂಗಿ ಮಾತಾಡುವ ಆಸಾಮಿ ಅಂದು ಮೆಲುದನಿಯಲ್ಲಿ ಸುದ್ದಿ ಹೇಳಿದ. ಹಾಸಿಗೆ ಹೇರಿದ್ದ ಪಿಕಪ್ಪನ್ನು ಹೆದ್ದಾರಿಯ ಬದಿಗೆ ತಂದು, ಇಂಜಿನ್ ಆರಿಸಿ, ತಮ್ಮ ಸ್ಟೀರಿಂಗಿನ ಮೇಲೆ ಹಣೆ ಇಟ್ಟಿದ್ದನಂತೆ. ಪಾಪ, ನಿದ್ದೆ ಬಂದಿರಬೇಕು ಎಂದು ಹೋಗುವವರು ಬರುವವರು ಯಾರೂ ಎಬ್ಬಿಸಲಿಲ್ಲ. ಹೃದಯ ನಿಂತುಹೋಗಿತ್ತು.

ತಮ್ಮನಿಗಿದ್ದದ್ದು ಒಬ್ಬಳೇ ಮಗಳು. ಕಲ್ಲು ಹೇರುತ್ತಿದ್ದ ಗಣಿ ಮುಚ್ಚಿದ ಮೇಲೆ ಅಪ್ಪ ಅದೇ ಪಿಕಪ್ಪಿನಲ್ಲಿ ಹಿಡಿದಿದ್ದ ಹಾಸಿಗೆ ಕಾರ್ಖಾನೆಯ ಸಾಗಾಟವನ್ನು ತಾನೇ ಮಾಡುತ್ತೇನೆಂದು ಹೊರಟಳು. ಆದರೆ ಕೆಲವೇ ದಿನ ಓಡಿಸಿ, ಬಂದು ದೊಡ್ಡಪ್ಪನ ಮುಂದೆ ಕೀಲಿ ಇಟ್ಟಳು.

"ಮಾರಿಬಿಡೋಣ ದೊಡ್ಡಪ್ಪ. ಹೆದ್ದಾರಿಗೆ ಇಳಿದ್ರೆ ಸಾಕು, ಇಂಜಿನ್ ಒದರೋಕೆ ಶುರು ಮಾಡತ್ತೆ. ಹಿಂದಿನವರ ಹಾರ್ನ್ ಕೇಳಲ್ಲ. ಮನೆಗೆ ಬಂದು ಮಲಗಿದ್ರೂ ತಲೇಲಿ ಅದೇ ಗುಂಯ್."

ದೊಡ್ಡಪ್ಪ ಕೀಲಿ ಮುಟ್ಟಲಿಲ್ಲ. ತಮ್ಮನದೆಂದು ಮನೆಯ ಮುಂದೆ ಉಳಿದಿದ್ದು ಅದೊಂದೇ. "ಮೊದಲು ಮೇಸ್ತ್ರಿಗೆ ತೋರ್ಸೋಣ ತಡಿಯಮ್ಮ" ಎಂದರು.

ಆಕ್ಸಲ್ ಮೇಸ್ತ್ರಿ ಗಾಡಿಯಡಿಗೆ ತೂರುವ ಮೊದಲೇ ವಿಷಯ ಹೇಳಿದ. "ಇದು ಗಣಿ ದಿಬ್ಬ ಹತ್ಲಿ ಅಂತ ನಿಮ್ಮ ತಮ್ಮನೇ ಹಿಂದಿನ ಆಕ್ಸಲಲ್ಲಿ ಕೂರಿಸಿದ ಹಲ್ಲುಚಕ್ರದ ಜೋಡಿ, ಯಜಮಾನ್ರೇ. ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಬರೋ ಶಾಫ್ಟು ಹತ್ತಿರ ಹತ್ತಿರ ಐದು ಸುತ್ತು ಹೊಡೀಬೇಕು. ದಿಬ್ಬಕ್ಕೆ ಸರಿ. ಹೆದ್ದಾರೀಲಿ ಇಂಜಿನ್ ಗಂಟಲು ಹರ್ಕೊಳ್ದೆ ಇನ್ನೇನು ಮಾಡತ್ತೆ?" ಅವನ ಮೇಜಿನ ಮೇಲೆ ಎಣ್ಣೆ ಸವರಿದ ಇನ್ನೆರಡು ಜೋಡಿಗಳಿದ್ದವು. ಒಂದಕ್ಕೆ ಶಾಫ್ಟು ಮೂರೇ ಸುತ್ತು, ಇನ್ನೊಂದಕ್ಕೆ ನಾಲ್ಕಕ್ಕೆ ಸ್ವಲ್ಪ ಕಡಿಮೆ.

"ಮೂರರದ್ದೇ ಹಾಕಿ. ಹಾಸಿಗೆ ತಾನೇ, ಹತ್ತಿ ಥರ ಹಗುರ" ಎಂದಳು ಮಗಳು.

"ಅವನು ಕೈಯಾರೆ ಕೂರಿಸಿದ ಹಲ್ಲು ಕೀಳಿಸೋದಾ?" ಎಂದರು ದೊಡ್ಡಪ್ಪ.

"ಹಾಗಾದ್ರೆ ಹಲ್ಲು ಕಪಾಟಲ್ಲಿಟ್ಟು ಗಾಡಿ ಮಾರ್ಕೊಳ್ಳಿ" ಎಂದ ಮೇಸ್ತ್ರಿ. ಅಂದವನೇ ನಾಲಿಗೆ ಕಚ್ಚಿಕೊಂಡ.

ದೊಡ್ಡಪ್ಪ ಸಿಟ್ಟಾಗಲಿಲ್ಲ. "ನಾಳೆ ಹಾಸಿಗೆ ಹೇರ್ಕೊಂಡು ಹೋಗುವಾಗ ನಾನೂ ಬರ್ತೀನಿ" ಎಂದಷ್ಟೇ ಹೇಳಿದರು.

ಮಾರನೆಯ ದಿನ ಹಾಸಿಗೆಗಳು ಕ್ಯಾಬಿನ್ನಿಗಿಂತ ಎತ್ತರಕ್ಕೆ ನಿಂತಿದ್ದವು. ಊರು ದಾಟುತ್ತಿದ್ದಂತೆ ಇಂಜಿನ್ ಕಿರುಚತೊಡಗಿತು. ಮಗಳ ಕೈ ಸ್ಟೀರಿಂಗಿನ ಜೊತೆ ಮೊಣಕೈವರೆಗೂ ನಡುಗುತ್ತಿತ್ತು. ದೊಡ್ಡಪ್ಪ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ದೇವರ ನಾಮ ಅವರಿಗೇ ತಪ್ಪಿಹೋಯಿತು. ಬಯಲಿಗೆ ಬಂದಾಗ ಎದುರುಗಾಳಿ ಬೀಸಿತು. ರಸ್ತೆ ಮಟ್ಟಸವಾಗಿದ್ದರೂ ಅವಳ ಪಾದ ಇನ್ನಷ್ಟು ಒತ್ತಿತು. ಅದನ್ನೇ ನೋಡುತ್ತಿದ್ದ ದೊಡ್ಡಪ್ಪ ಅವಳ ಕಿವಿಯ ಹತ್ತಿರ ಬಾಗಿ ಕೂಗಿದರು:

"ಹಾಸಿಗೆ ತೂಕಕ್ಕೆ ಹಗುರ ಕಣಮ್ಮ, ಗಾಳಿಗಲ್ಲ! ಗೋಡೆ ಹೊತ್ಕೊಂಡು ಹೋದ ಹಾಗೆ! ಮೂರರ ಜೋಡಿ ಹಾಕಿದ್ರೆ ಟಾಪ್ ಗೇರಲ್ಲಿ ಎಳೆಯೋದೇ ಇಲ್ಲ, ಮತ್ತೆ ಮತ್ತೆ ಕೆಳಗಿನ ಗೇರಿಗೇ ಬರ್ಬೇಕು!"

"ಹಾಗಾದ್ರೆ ಇದೇ ಇರಲಿ ಅಂತೀರಾ?"

ಅವರು ಆ ನಡುಗುವ ಕೈಗಳನ್ನು ಮತ್ತೊಮ್ಮೆ ನೋಡಿದರು. ಇದೇ ಸೀಟಿನಲ್ಲಿ ಕೂತು ತಮ್ಮನೂ ಇದನ್ನೆಲ್ಲ ಸಹಿಸಿಕೊಂಡಿದ್ದ.

"ಇಲ್ಲ ಮಗಳೇ, ಬೇಡ. ನಡುವಿನ ಜೋಡಿ ಹಾಕ್ಸೋಣ."

ಮೇಸ್ತ್ರಿ ಹಳೆಯ ಜೋಡಿ ಬಿಚ್ಚುವಾಗ ದೊಡ್ಡಪ್ಪ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಉಜ್ಜಿದ ಗುರುತು ಹಲ್ಲಿನ ಮಧ್ಯಕ್ಕೆ ಸರಿಯಾಗಿ ಬೀಳುವವರೆಗೂ ಮೇಸ್ತ್ರಿ ತೆಳು ತಗಡು ಸೇರಿಸುತ್ತ ತೆಗೆಯುತ್ತ ಇದ್ದ. ತಮ್ಮನೂ ಹಾಗೆಯೇ ಮಾಡುತ್ತಿದ್ದ. ದೊಡ್ಡಪ್ಪನ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದರು.

ಮರುದಿನ ಹಾಸಿಗೆ ಹೇರಿಕೊಂಡು ಹೆದ್ದಾರಿಗೆ ಹೋದಾಗ ಮಗಳ ಮುಖ ಅರಳಿತ್ತು. ಎದುರುಗಾಳಿಯಲ್ಲೂ ಗಾಡಿ ಟಾಪ್ ಗೇರಿನಲ್ಲೇ ಎಳೆಯುತ್ತಿತ್ತು.

"ನೋಡಿ ದೊಡ್ಡಪ್ಪ, ಅರವತ್ತರಲ್ಲೇ ಹೋಗ್ತಿದೀನಿ, ಆದ್ರೂ ಬಸ್ಸುಗಳೆಲ್ಲ ಹಿಂದೆ ಬೀಳ್ತಿವೆ! ಇವತ್ತು ಡ್ರೈವರ್‌ಗಳಿಗೆಲ್ಲ ಏನಾಗಿದೆ?"

ದೊಡ್ಡಪ್ಪ ಹಿಂದೆ ಬಿದ್ದ ಬಸ್ಸನ್ನೂ ವೇಗ ತೋರಿಸುವ ಮುಳ್ಳನ್ನೂ ನೋಡಿದರು. ತಮ್ಮ ಹೋದ ಮೇಲೆ ಮೊದಲ ಸಲ ಅವರಿಗೆ ನಗು ಬಂತು. "ಅವರಿಗೇನೂ ಆಗಿಲ್ಲ, ನೀನೇ ನಿಧಾನ ಮಾಡು! ಆ ಮುಳ್ಳು ಎಣಿಸೋದು ಶಾಫ್ಟಿನ ಸುತ್ತು. ಈಗ ಅದು ಕಡಿಮೆ ಸುತ್ತತ್ತೆ, ಮುಳ್ಳೂ ಕಡಿಮೆ ತೋರ್ಸತ್ತೆ. ನೀನು ಎಂಬತ್ತರ ಹತ್ತಿರ ಇದೀಯ!"

"ಅಯ್ಯೋ ಶಿವನೇ!" ಎಂದು ಅವಳು ಪಾದ ಸಡಿಲಿಸಿದಳು. "ಮೇಸ್ತ್ರಿ ಒಂದು ಮಾತು ಹೇಳಬಾರದಿತ್ತಾ?"

"ಆ ಮೇಸ್ತ್ರಿ ಗಣಿ ದಾರಿ ಬಿಟ್ಟು ಆಚೆ ಹೋದವನಲ್ಲ. ಅಲ್ಲಿ ಮುಳ್ಳು ಯಾರು ನೋಡ್ತಾರೆ? ನಿಮ್ಮಪ್ಪನ ಗಾಡೀಲಂತೂ ವರ್ಷಗಟ್ಟಲೆ ಮುಳ್ಳು ಕೆಟ್ಟೇ ಇತ್ತು, ಹೆದ್ದಾರಿಗೆ ಇಳಿದ ಮೇಲೇ ಸರಿ ಮಾಡಿಸಿದ್ದು."

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಗಾಡಿ ಇರಲಿ ದೊಡ್ಡಪ್ಪ. ಮಾರೋದು ಬೇಡ."

ಅವರು ತಲೆಯಾಡಿಸಿದರು. ತಮ್ಮ ಕೊನೆಯ ಸಲ ಗಾಡಿ ನಿಲ್ಲಿಸಿದ್ದ ತಿರುವು ಎದುರಿಗೆ ಬಂತು. ಮಗಳು ನಿಲ್ಲಿಸಲೇ ಎಂಬಂತೆ ನೋಡಿದಳು. ಅವರು ಬೇಡವೆಂದು ಕೈಯಾಡಿಸಿ ಕಣ್ಣು ಮುಚ್ಚಿದರು. ಈಗ ಅವರ ಮೆಲುದನಿ ಕ್ಯಾಬಿನ್ನಿನೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು:

"ಭಗವಂತ, ನನ್ನ ತಮ್ಮ ಭಾರ ಹೊತ್ತು ದಣಿದು ನಿನ್ನಲ್ಲಿಗೆ ಬಂದಿದ್ದಾನೆ. ಅವನನ್ನು ಹತ್ತಿರ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು."